ಯಂತ್ರ ಬಿಚ್ಚುವ ಮೊದಲು ಹಣ್ಣನ್ನು ನೋಡಿ: ಮನೆಯ ಫ್ರೀಜ್ ಡ್ರೈಯರ್ ದೋಷ ನಿವಾರಣೆ ಕೈಪಿಡಿ

ಹೆಪ್ಪುಗಟ್ಟಿಸಿದ ಹಣ್ಣನ್ನು ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯರ್‌ನಿಂದ ಹಣ್ಣು ಹಸಿಯಾಗಿ ಹೊರಬಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವುದು ಫ್ರಿಜ್ ಮೆಕ್ಯಾನಿಕ್‌ಗೆ ಫೋನ್. ಅವರು ಬರುತ್ತಾರೆ, ಗ್ಯಾಸ್ ಕಡಿಮೆಯಾಗಿದೆ ಎನ್ನುತ್ತಾರೆ, ತುಂಬಿಸಿ ಹೋಗುತ್ತಾರೆ. ಮುಂದಿನ ಸಲವೂ ಪೇರಲ ಹಸಿಯಾಗಿಯೇ ಬರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಯಂತ್ರ ಇಟ್ಟುಕೊಂಡವರು ಇನ್ನೂ ವಿರಳ. ಇದರ ಒಳಹೊರಗು ಬಲ್ಲ ಮೆಕ್ಯಾನಿಕ್ ಅದಕ್ಕಿಂತಲೂ ವಿರಳ. ಆದ್ದರಿಂದ ದೋಷ ಎಲ್ಲಿದೆ ಎಂದು ಹುಡುಕುವ ಕೆಲಸ ಯಂತ್ರದ ಒಡೆಯರ ಪಾಲಿಗೇ ಬರುತ್ತದೆ.

ಇದಕ್ಕೆ ಸ್ಪ್ಯಾನರ್ ಹಿಡಿಯುವ ಅಗತ್ಯ ಹೆಚ್ಚಿನ ಸಲ ಬೀಳುವುದಿಲ್ಲ. ತಟ್ಟೆಯ ಮೇಲಿನ ಹಣ್ಣು ಯಾವ ರೂಪದಲ್ಲಿ ಕೆಟ್ಟಿದೆ ಎಂಬುದೇ ದೋಷದ ಜಾಗವನ್ನು ಹೇಳುತ್ತದೆ. ನಡುವೆ ಹಸಿಯಾಗಿರುವುದು ಒಂದು ಬಗೆ, ನೊರೆಯೆದ್ದು ಕುಸಿದಿರುವುದು ಇನ್ನೊಂದು ಬಗೆ, ಗರಿಗರಿಯಾಗಿ ಬಂದು ಡಬ್ಬಿಯಲ್ಲಿ ಮೆತ್ತಗಾಗುವುದು ಮತ್ತೊಂದು ಬಗೆ. ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಮೂರನ್ನೂ "ಒಣಗಲಿಲ್ಲ" ಎಂದು ಒಂದೇ ಮಾತಿನಲ್ಲಿ ಹೇಳಿದ ಕೂಡಲೇ ಹುಡುಕಾಟ ದಾರಿ ತಪ್ಪುತ್ತದೆ.

ಒಳಗೆ ನಡೆಯುವುದೇನು

ಹಣ್ಣಿನ ನೀರು ಮೊದಲು ಮಂಜುಗಡ್ಡೆಯಾಗಬೇಕು. ಆಮೇಲೆ ಆ ಮಂಜುಗಡ್ಡೆ ಕರಗದೆ, ತೆರೆದಿಟ್ಟ ಕರ್ಪೂರ ಕರಗದೆಯೇ ಆರಿಹೋಗುವಂತೆ, ನೇರವಾಗಿ ಆವಿಯಾಗಬೇಕು. ಒತ್ತಡ 4.58 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಳಿದರೆ ಶುದ್ಧ ನೀರಿಗೆ ದ್ರವವಾಗಿ ಉಳಿಯುವ ಅವಕಾಶವೇ ಇರುವುದಿಲ್ಲ. ಒಂದೋ ಮಂಜುಗಡ್ಡೆ, ಇಲ್ಲವೇ ಆವಿ. ಎ.ಸಿ. ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ ಅದು 4,580 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ಗೆ ಸಾವಿರ ಮೈಕ್ರಾನ್. ಮನೆಯ ಯಂತ್ರಗಳು ಸಾಮಾನ್ಯವಾಗಿ 500 ಮೈಕ್ರಾನ್‌ಗಿಂತ ಕೆಳಗೆ ಕೆಲಸ ಮಾಡುತ್ತವೆ.

ಹಣ್ಣಿನಿಂದ ಹೊರಟ ಆವಿ ಗಾಳಿ ಹೊರಗೆಳೆಯುವ ಪಂಪಿನ ಕಡೆಗೆ ಹೋಗಬಾರದು, ಮೈನಸ್ 30ರಿಂದ ಮೈನಸ್ 40 ಡಿಗ್ರಿಯಲ್ಲಿರುವ, ತಟ್ಟೆಗಳನ್ನಿಡುವ ಯಂತ್ರದೊಳಗಿನ ಕೋಣೆಯ ಗೋಡೆಗೆ ಹೋಗಿ ಅಂಟಬೇಕು. ಮೈನಸ್ 10 ಡಿಗ್ರಿಯ ಮಂಜುಗಡ್ಡೆಯ ಆವಿಯೊತ್ತಡ ಸುಮಾರು 1,950 ಮೈಕ್ರಾನ್. ಮೈನಸ್ 35ರಲ್ಲಿ ಸುಮಾರು 170 ಮಾತ್ರ. ಹಣ್ಣಿನಿಂದ ಗೋಡೆಗೆ ಆವಿಯನ್ನು ತಳ್ಳುವುದು ಈ ವ್ಯತ್ಯಾಸವೇ. ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಒಂದು ಕಿಲೋ ಮಂಜುಗಡ್ಡೆಯನ್ನು ಆವಿಯಾಗಿಸಲು ಸುಮಾರು 2,840 ಕಿಲೋಜೂಲ್ ಶಾಖ ಬೇಕು, ಅಂದರೆ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್. ಇದು ತಣ್ಣಗಿಡುವ ಯಂತ್ರವಾದರೂ ತಟ್ಟೆಗೆ ಬಿಸಿ ತಲುಪದಿದ್ದರೆ ಹಣ್ಣು ಒಣಗುವುದಿಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂರೇ. ಹಣ್ಣಿಗೆ ಶಾಖ ತಲುಪಿತೇ? ಅದರಿಂದ ಆವಿ ಹೊರಬರಲು ದಾರಿ ಇತ್ತೇ? ಬಂದ ಆವಿಯನ್ನು ಗೋಡೆ ಹಿಡಿದಿಟ್ಟಿತೇ?

ನಡುವೆ ತಣ್ಣಗಿರುವ ತುಂಡು

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ತಟ್ಟೆಯ ಅಂಚಿನಿಂದ ಬೇಡ, ನಡುವಿನಿಂದ ಅತಿ ದಪ್ಪನೆಯ ಪೇರಲ ತುಂಡನ್ನು ಆರಿಸಿ ಎರಡಾಗಿ ಮುರಿಯಿರಿ. ಪೂರ್ತಿ ಒಣಗಿದ್ದು ಪಟ್ಟನೆ ಮುರಿಯುತ್ತದೆ, ಮುರಿದ ಕಡೆ ಸಣ್ಣಗೆ ಪುಡಿ ಉದುರುತ್ತದೆ, ಸಿಪ್ಪೆಯ ಪಕ್ಕದಿಂದ ಬೀಜದವರೆಗೆ ಒಂದೇ ಬಿಳಿ ಬಣ್ಣವಿರುತ್ತದೆ. ಒಣಗದ್ದರಲ್ಲಿ ಅಂಚು ಮುರಿದರೂ ನಡುಭಾಗ ಜಗ್ಗುತ್ತದೆ. ಬೀಜದ ಸುತ್ತ ಒಂದು ಮಬ್ಬು ಉಂಗುರ ಕಾಣುತ್ತದೆ. ಆ ಮುರಿದ ಮುಖವನ್ನು ಮೇಲ್ದುಟಿಗೆ ತಾಗಿಸಿ ನೋಡಿ. ಬೆರಳಿಗೆ ತಿಳಿಯದ ತಂಪು ತುಟಿಗೆ ತಿಳಿಯುತ್ತದೆ. ತಣ್ಣಗಿದ್ದರೆ ಒಳಗೆ ಮಂಜುಗಡ್ಡೆ ಇನ್ನೂ ಉಳಿದಿದೆ ಎಂದೇ ಅರ್ಥ.

ಇಂಥ ತುಂಡು ಸಿಕ್ಕರೆ ಯಂತ್ರವನ್ನು ಅನುಮಾನಿಸುವ ಮೊದಲು ಚಾಕುವನ್ನು ಅನುಮಾನಿಸಿ. ಉಪ್ಪು ಖಾರ ಹಚ್ಚಿ ತಿನ್ನಲು ಹೆಚ್ಚುವ ಹಾಗೆ ಪೇರಲವನ್ನು ನಾಲ್ಕು ಹೋಳು ಮಾಡಿ ಇಟ್ಟರೆ ಯಾವ ಯಂತ್ರವೂ ಅದನ್ನು ಒಂದೇ ಅವಧಿಯಲ್ಲಿ ಒಣಗಿಸಲಾರದು. ಒಣಗುವ ಗೆರೆ ಹೊರಗಿನಿಂದ ಒಳಕ್ಕೆ ಸರಿಯುತ್ತದೆ. ಅದು ಸರಿದಷ್ಟೂ ಆವಿಗೆ ದಾರಿ ಉದ್ದವಾಗುತ್ತದೆ, ಒಣಗಿದ ಪದರ ಶಾಖವನ್ನೂ ತಡೆಯುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಆರರಿಂದ ಎಂಟು ಮಿಲಿಮೀಟರ್ ದಪ್ಪದ ಬಿಲ್ಲೆ ಸರಿ. ತಿರುಳನ್ನು ಹರಡುವುದಾದರೆ ಒಂದು ಸೆಂಟಿಮೀಟರ್ ದಾಟಬೇಡಿ. ಎಲ್ಲ ತುಂಡು ಒಂದೇ ದಪ್ಪವಾಗಿರುವುದು ಇನ್ನೂ ಮುಖ್ಯ. ತೆಳುವಾದವು ಒಣಗಿ ಕಾಯುತ್ತಿರುವಾಗ ದಪ್ಪನೆಯವು ಹಿಂದುಳಿಯುತ್ತವೆ, ಯಂತ್ರದ ಸಂವೇದಕ ಸರಾಸರಿ ನೋಡಿ ಕೆಲಸ ಮುಗಿಯಿತೆಂದು ನಿಲ್ಲಿಸಿಬಿಡುತ್ತದೆ.

ಸಿಪ್ಪೆಯೂ ಇದೇ ದೋಷ ಕೊಡುತ್ತದೆ. ದ್ರಾಕ್ಷಿ, ನೇರಳೆ, ಬೋರೆ ಹಣ್ಣುಗಳ ಸಿಪ್ಪೆ ನೀರನ್ನು ಒಳಗೇ ಕಾಪಾಡಲೆಂದು ಇರುವಂಥದ್ದು. ಇಡಿಯಾಗಿ ಇಟ್ಟರೆ ಆವಿಗೆ ದಾರಿ ಇಲ್ಲ. ಅರ್ಧಕ್ಕೆ ಸೀಳಿ ಕತ್ತರಿಸಿದ ಮುಖ ಮೇಲೆ ಮಾಡಿ ಇಡಿ.

ಚಾಕು ಸರಿಯಾಗಿದ್ದರೆ ಮುಂದಿನ ಸಾಕ್ಷಿ ತಟ್ಟೆಗಳು. ನಾಲ್ಕರಲ್ಲಿ ಒಂದೇ ತಟ್ಟೆ ಪೂರ್ತಿ ಹಸಿಯಾಗಿದ್ದರೆ ಆ ಅಂತಸ್ತಿನ ಹೀಟರ್ ಅಥವಾ ಅದರ ಪ್ಲಗ್ ಕಾರಣ. ಯಂತ್ರ ಖಾಲಿ ಇರುವಾಗ, ಬಿಸಿ ಮಾಡುವ ಹಂತಕ್ಕೆ ಹಾಕಿ, ಸ್ವಲ್ಪ ಹೊತ್ತಿನ ನಂತರ ಆರಿಸಿ ಅಂತಸ್ತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರೆ ತಣ್ಣಗಿರುವುದು ತಾನೇ ಸಿಕ್ಕಿಬೀಳುತ್ತದೆ. ಎಲ್ಲ ತಟ್ಟೆಗಳೂ ಸ್ವಲ್ಪ ಸ್ವಲ್ಪ ಹಸಿಯಾಗಿದ್ದರೆ ಮನೆಗೆ ಬರುವ ವೋಲ್ಟೇಜ್ ಅಳೆಯಿರಿ. ಹೀಟರ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ ಶಾಖ ಶೇಕಡಾ 61ಕ್ಕೆ ಕುಸಿಯುತ್ತದೆ. ಬೇಸಿಗೆಯ ಸಂಜೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೂಲರ್ ತಿರುಗುವ ಹೊತ್ತಿಗೆ ಲೈನಿನ ಕೊನೆಯ ಮನೆಗಳಲ್ಲಿ ಇಂಥ ಇಳಿತ ಅಪರೂಪವಲ್ಲ. ಯಂತ್ರ ದೋಷ ತೋರಿಸುವುದಿಲ್ಲ, ಬೆಳಕು ಎಂದಿನಂತೆ ಉರಿಯುತ್ತದೆ, ಹಣ್ಣು ಮಾತ್ರ ಹಿಂದೆ ಬೀಳುತ್ತದೆ.

ಒಣಗಿದೆಯೋ ಇಲ್ಲವೋ ಎಂಬುದಕ್ಕೆ ನಾನು ನಂಬುವ ತೀರ್ಪು ತಕ್ಕಡಿಯದು. ಪೇರಲದಲ್ಲಿ ಸುಮಾರು ಶೇಕಡಾ 80 ನೀರು. ಒಂದು ಕಿಲೋ ಇಟ್ಟರೆ 205ರಿಂದ 210 ಗ್ರಾಂ ಬರಬೇಕು. 260 ಗ್ರಾಂ ಬಂದಿದ್ದರೆ ಕೈಗೆ ಎಷ್ಟೇ ಗರಿಗರಿಯಾಗಿ ಸಿಕ್ಕರೂ ಒಳಗೆ 50 ಗ್ರಾಂ ನೀರು ಅಡಗಿದೆ. ಬಾಳೆಯಲ್ಲಿ ಸುಮಾರು 75, ಮಾವಿನಲ್ಲಿ 83, ಪಪ್ಪಾಯಿಯಲ್ಲಿ 88, ಕಲ್ಲಂಗಡಿಯಲ್ಲಿ 92. ಹಣ್ಣು ಹಣ್ಣಿಗೆ, ಪಕ್ವತೆಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಇನ್ನೊಂದು ಪರೀಕ್ಷೆ: ಒಂದು ತಟ್ಟೆ ತೂಗಿ ಬರೆದಿಟ್ಟು, ಮತ್ತೆ ಎರಡು ಗಂಟೆ ಬಿಸಿ ಮತ್ತು ನಿರ್ವಾತದಲ್ಲಿಟ್ಟು ತೂಗಿ. ತೂಕ ಇಳಿದಿದ್ದರೆ ಒಣಗಿರಲಿಲ್ಲ. ಇಳಿಯದಿದ್ದರೆ ಮುಗಿಯಿತು.

ಒತ್ತಡ ಇಳಿಯದಿದ್ದಾಗ

ಬೀದರಿನಿಂದ ಒಬ್ಬ ಯುವಕ ಫೋನ್ ಮಾಡಿದ್ದ. ಪಂಪ್ ಮತ್ತು ಸ್ಟೀಲ್ ಕೋಣೆ ಬೇರೆಬೇರೆಯಾಗಿ ತಂದು ಜೋಡಿಸಿಕೊಂಡವನು. "ಅಕ್ಕಾ, ನಿರ್ವಾತ ಮಾಪಕದ ಮುಳ್ಳು 27 ದಾಟಿ ಸ್ವಲ್ಪ ಮುಂದೆ ನಿಂತುಬಿಟ್ಟಿದೆ. 29.9 ಬರಬೇಕು ಎಂದು ಓದಿದ್ದೆ. ಹೊಸ ಪಂಪ್ ತರಬೇಕೇ?"

"ಪಂಪ್ ಮುಟ್ಟಬೇಡ ತಮ್ಮಾ. ನೀನಿರುವುದು ಬೀದರಿನಲ್ಲಿ."

ಮುಳ್ಳಿನ ಮಾಪಕ ಅಳೆಯುವುದು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಇರುವ ವ್ಯತ್ಯಾಸವನ್ನು. 29.9 ಇಂಚು ಪಾದರಸ ಎಂಬುದು ಸಮುದ್ರಮಟ್ಟದ ಲೆಕ್ಕ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ ಸುಮಾರು 660 ಮೀಟರ್. ಪೂರ್ಣ ನಿರ್ವಾತ ಬಂದರೂ ಕಲಬುರಗಿಯಲ್ಲಿ ಮುಳ್ಳು 28.3ರ ಆಸುಪಾಸಿನಲ್ಲಿ, ಬೀದರಿನಲ್ಲಿ 27.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗಲು ಹೊರಗೆ ಅಷ್ಟು ಗಾಳಿಯೇ ಇಲ್ಲ. ಮೇಲಾಗಿ ಮಂಜುಗಡ್ಡೆ ಕರಗುವ 4,580 ಮೈಕ್ರಾನ್‌ಗೂ ನಮಗೆ ಬೇಕಾದ 500 ಮೈಕ್ರಾನ್‌ಗೂ ಇರುವ ಅಂತರ ಆ ಮಾಪಕದಲ್ಲಿ ಒಂದು ಇಂಚಿನ ಆರನೇ ಒಂದು ಭಾಗ. ಮುಳ್ಳಿನ ದಪ್ಪವೇ ಅದನ್ನು ಮುಚ್ಚಿಬಿಡುತ್ತದೆ. ಈ ಕೆಲಸಕ್ಕೆ ಮುಳ್ಳಿನ ಮಾಪಕ ಪ್ರಯೋಜನವಿಲ್ಲ. ಮೈಕ್ರಾನ್ ಗೇಜ್ ಬೇಕು. ಎ.ಸಿ. ಅಳವಡಿಸುವವರ ಬಳಿ ಅದು ಇರುತ್ತದೆ, ಒಂದು ದಿನಕ್ಕೆ ಕೇಳಿ ತಂದರೂ ಸಾಕು.

ಮೈಕ್ರಾನ್ ಗೇಜಿನಲ್ಲೂ ಅಂಕಿ ಇಳಿಯುತ್ತಿಲ್ಲ ಎಂದಾದರೆ ಹುಡುಕಾಟ ಶುರು. ಮೊದಲು ನೀರು ಬಿಡುವ ಕವಾಟ. ಹಿಂದಿನ ಸುತ್ತಿನ ಮಂಜುಗಡ್ಡೆ ಕರಗಿಸಿ ನೀರು ಹರಿಸಿದವರು ಅದನ್ನು ಮುಚ್ಚುವುದನ್ನು ಮರೆತಿರುತ್ತಾರೆ, ಅಥವಾ ಹಣ್ಣಿನ ಒಂದು ಚೂರು ಅದರ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ. ನಂತರ ಬಾಗಿಲು. ಪಾರದರ್ಶಕ ಅಕ್ರಿಲಿಕ್ ಬಾಗಿಲಾದರೆ ಪಂಪ್ ಓಡುವಾಗ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಅಂಚನ್ನು ಸುತ್ತಲೂ ನೋಡಿ. ರಬ್ಬರ್ ಚೆನ್ನಾಗಿ ಅಂಟಿದ ಕಡೆ ಗಾಢವಾದ, ತುಂಡಾಗದ ಉಂಗುರ ಕಾಣುತ್ತದೆ. ಆ ಉಂಗುರದಲ್ಲಿ ಎಲ್ಲಿ ತಿಳಿ ಗೆರೆ ಕಂಡಿತೋ ಅಲ್ಲೇ ಸೋರಿಕೆ. ಒಂದು ತಲೆಗೂದಲು ಸಾಕು. ಜೋಳ, ತೊಗರಿ ರಾಶಿಯ ಕಾಲದಲ್ಲಿ ಗಾಳಿಯಲ್ಲಿ ತೇಲುವ ಹೊಟ್ಟು, ಎರೆಮಣ್ಣಿನ ನಯವಾದ ಧೂಳು ಕಿಟಕಿ ಮುಚ್ಚಿದ ಮನೆಯೊಳಗೂ ಬರುತ್ತದೆ. ಪ್ರತಿ ಸಲ ಬಾಗಿಲು ಹಾಕುವ ಮೊದಲು ಗ್ಯಾಸ್ಕೆಟ್‌ನ ಎರಡೂ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿ.

ಅಕ್ರಿಲಿಕ್‌ನಲ್ಲಿ ಬಿರುಕು ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. 30 ಸೆಂಟಿಮೀಟರ್ ಅಗಲದ ಬಾಗಿಲಿನ ಮೇಲೆ ನಮ್ಮ ಕಲಬುರಗಿಯ ಗಾಳಿ ಹಾಕುವ ಭಾರ ಸುಮಾರು 690 ಕಿಲೋ. ಬಿರುಕಿಗೆ ಅಂಟು ಹಚ್ಚಿ ಮುಂದುವರಿಸುವ ಪ್ರಶ್ನೆಯೇ ಇಲ್ಲ. ಇದೇ ಕಾರಣಕ್ಕೆ ಅಡುಗೆಮನೆಯ ಪಾತ್ರೆ, ಗಾಜಿನ ಭರಣಿಗಳನ್ನು ನಿರ್ವಾತ ಕೋಣೆಯಾಗಿ ಬಳಸಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಕವಾಟ, ಬಾಗಿಲು ಎರಡೂ ಸರಿ ಇದ್ದರೆ ಪಂಪಿನ ಎಣ್ಣೆ ನೋಡಿ. ಕಿಂಡಿಯಲ್ಲಿ ಎಣ್ಣೆ ತಿಳಿಯಾಗಿ ಹೊಂಬಣ್ಣದಲ್ಲಿರಬೇಕು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರಿನ ಆವಿ ಅದರೊಳಗೆ ಸೇರಿದೆ. ಅಂಥ ಎಣ್ಣೆಯಿಂದ ಆಳವಾದ ನಿರ್ವಾತ ಬರುವುದಿಲ್ಲ, ಏಕೆಂದರೆ ಎಣ್ಣೆಯಲ್ಲಿರುವ ನೀರೇ ಒಳಗೆ ಕುದಿಯುತ್ತಿರುತ್ತದೆ. ಸ್ವಲ್ಪ ಮಬ್ಬಾಗಿದ್ದರೆ ಗ್ಯಾಸ್ ಬ್ಯಾಲಸ್ಟ್ (ಪಂಪಿನೊಳಕ್ಕೆ ಸ್ವಲ್ಪ ಹೊರಗಾಳಿ ಬಿಡುವ ಕವಾಟ) ತೆರೆದು ಪಂಪನ್ನು ಒಂದಷ್ಟು ಹೊತ್ತು ಓಡಿಸಿದರೆ ತಿಳಿಯಾಗುತ್ತದೆ. ಪೂರ್ತಿ ಬೆಳ್ಳಗಾಗಿದ್ದರೆ ಪಂಪ್ ಬಿಸಿಯಾಗಿರುವಾಗಲೇ ಬಸಿದು ಹೊಸದು ಹಾಕಿ. ಆದರೆ ಎಣ್ಣೆ ಬದಲಿಸಿ ಸುಮ್ಮನಾಗಬೇಡಿ. ಎಣ್ಣೆಗೆ ನೀರು ಹೋಗಿದೆ ಎಂದರೆ ಗೋಡೆ ಅದನ್ನು ಹಿಡಿಯಲಿಲ್ಲ ಎಂದರ್ಥ. ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇನ್ನೂ ಸಂಶಯವಿದ್ದರೆ ಏರಿಕೆಯ ಪರೀಕ್ಷೆ ಮಾಡಿ. ಕೋಣೆ ಖಾಲಿ ಇರಲಿ, ಒಣಗಿರಲಿ, ಗೋಡೆ ಪೂರ್ತಿ ತಣಿದಿರಲಿ. ನಿರ್ವಾತ ಬಂದ ಮೇಲೆ ಪಂಪ್ ಮತ್ತು ಕೋಣೆಯ ನಡುವಿನ ಕವಾಟ ಮುಚ್ಚಿ, ಪ್ರತಿ ನಿಮಿಷದ ಅಂಕಿ ಬರೆಯುತ್ತಾ ಹೋಗಿ. ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಗಾಳಿ ಸೋರುತ್ತಿದೆ. ಮೊದಲು ಏರಿ, ನಿಧಾನವಾಗಿ, ಒಂದು ಕಡೆ ನಿಂತರೆ ಅದು ಒಳಗೆ ಉಳಿದ ತೇವ, ಯಂತ್ರದಲ್ಲಿ ತೂತಿಲ್ಲ. ಏರಿಕೆಯೇ ಇಲ್ಲ, ಆದರೂ ಓಡುವಾಗ ಅಂಕಿ ಇಳಿಯುತ್ತಿಲ್ಲ ಎಂದರೆ ಪಂಪ್ ಸೋತಿದೆ. ಗೇಜನ್ನು ನೇರವಾಗಿ ಪಂಪಿನ ಬಾಯಿಗೇ ಜೋಡಿಸಿ. ಒಳ್ಳೆಯ ಎಣ್ಣೆಯಿದ್ದೂ ಎರಡು ಹಂತದ ಪಂಪ್ 100 ಮೈಕ್ರಾನ್ ಕೆಳಗೆ ಹೋಗದಿದ್ದರೆ ದುರಸ್ತಿ ಬೇಕು.

ಹಣ್ಣು ತುಂಬಿದ ಮೊದಲ ಗಂಟೆಗಳಲ್ಲಿ ಅಂಕಿ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಬಿಸಿ ತಂತಿಯ ಮೈಕ್ರಾನ್ ಗೇಜುಗಳನ್ನು ಗಾಳಿಗೆ ಹೊಂದಿಸಿರುತ್ತಾರೆ. ನೀರಿನ ಆವಿಯಲ್ಲಿ ಅವು ನಿಜಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ತೋರಿಸುತ್ತವೆ. ಹೀಟರ್ ಹೊತ್ತಿದಾಗ ಅಂಕಿ ಏರಿ, ಆರಿದಾಗ ಇಳಿಯುತ್ತಿದ್ದರೆ ಅದು ಆರೋಗ್ಯದ ಲಕ್ಷಣ, ಹಣ್ಣಿನಿಂದ ನೀರು ಹೊರಡುತ್ತಿದೆ. ಹೀಟರ್ ಹೊತ್ತಿದರೂ ಅಂಕಿ ಏರದ ಹಂತ ಬಂದಾಗ ಒಣಗುವುದು ಮುಗಿಯುತ್ತಾ ಬಂದಿದೆ.

ನೊರೆ, ಕುಸಿತ, ಅಂಟು

ತಟ್ಟೆಗೆ ಗಾಜಿನಂತೆ ಅಂಟಿಕೊಂಡ ತಳ, ಮೇಲೆ ಉಬ್ಬಿದ ಗುಳ್ಳೆ, ಕೈಗೆ ಮೇಣದಂತೆ ಹತ್ತುವ ತುಂಡು: ಇಲ್ಲಿ ಹಣ್ಣು ಒಣಗುವ ಮೊದಲು ಕರಗಿದೆ. ನಿರ್ವಾತ ಬರುವ ಹೊತ್ತಿಗೆ ಒಳಗೆ ದ್ರವವಿದ್ದರೆ ಅದು ಕುದಿದು ನೊರೆಯಾಗುತ್ತದೆ.

ಕಾರಣ ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಇರುತ್ತದೆ. ಕೋಣೆ ತಣಿಯುವ ಮೊದಲೇ ತಟ್ಟೆ ಇಟ್ಟದ್ದು, ಡೀಪ್ ಫ್ರೀಜರ್‌ನಿಂದ ತೆಗೆದ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಾತಿಗೆ ನಿಂತದ್ದು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ತಾಪಮಾನ 43 ಡಿಗ್ರಿ ದಾಟುತ್ತದೆ. ಅಂಥ ಮಧ್ಯಾಹ್ನ ತೆಳುವಾದ ಬಿಲ್ಲೆಯ ಮೇಲ್ಮೈ ಕರಗಲು ಕೆಲವೇ ನಿಮಿಷ ಸಾಕು. ಹಣ್ಣನ್ನು ಕನಿಷ್ಠ ಒಂದು ರಾತ್ರಿ ಮೈನಸ್ 18 ಡಿಗ್ರಿಯಲ್ಲಿ, ಸಾಧ್ಯವಾದರೆ ಇನ್ನೂ ತಣ್ಣಗೆ ಹೆಪ್ಪುಗಟ್ಟಿಸಿ. ಕೋಣೆ ತಣಿದ ಮೇಲೆ ತಟ್ಟೆಗಳನ್ನು ಒಂದೇ ಸಲಕ್ಕೆ ಸಾಗಿಸಿ. ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಕುಸಿಯುವ ಹಣ್ಣುಗಳಿವೆ, ಅದಕ್ಕೆ ಸಕ್ಕರೆ ಕಾರಣ. ಹಣ್ಣಿನ ನೀರು ಹೆಪ್ಪುಗಟ್ಟುತ್ತಾ ಹೋದಂತೆ ಸಕ್ಕರೆ ಉಳಿದ ದ್ರವದಲ್ಲಿ ಗಟ್ಟಿಯಾಗಿ ಸೇರುತ್ತದೆ. ಆ ಪಾಕ ಪೂರ್ತಿ ಗಾಜಿನಂತೆ ಗಡುಸಾಗಬೇಕಾದರೆ ಸಾಮಾನ್ಯ ಸಕ್ಕರೆಗೆ ಮೈನಸ್ 32 ಡಿಗ್ರಿ, ಹಣ್ಣಿನಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗೆ ಮೈನಸ್ 42ರ ಸುತ್ತಮುತ್ತ ಬೇಕು. ಮನೆಯ ಫ್ರೀಜರ್ ಅಲ್ಲಿಗೆ ಹೋಗುವುದಿಲ್ಲ. ಕಮಲಾಪುರದ ಕೆಂಪು ಬಾಳೆಯನ್ನೇ ನೋಡಿ. ನಮ್ಮ ಕಲಬುರಗಿ ಜಿಲ್ಲೆಗೆ ಭೌಗೋಳಿಕ ಗುರುತು ತಂದುಕೊಟ್ಟ ಹಣ್ಣು. ಚೆನ್ನಾಗಿ ಕಳಿತ ಮೇಲೆ ಅದರ ಪಿಷ್ಟವೆಲ್ಲ ಸಕ್ಕರೆಯಾಗಿರುತ್ತದೆ, ಆಗ ಅದನ್ನು ಬಿಲ್ಲೆ ಮಾಡಿ ಇಟ್ಟರೆ ಜಿಗುಟಾಗುವುದು ಬಹುಮಟ್ಟಿಗೆ ಖಚಿತ. ಸಿಪ್ಪೆ ಪೂರ್ತಿ ಕೆಂಪಾಗಿ ತಿರುಳು ಇನ್ನೂ ಬಿಗಿಯಾಗಿರುವಾಗಲೇ ತನ್ನಿ, ತೆಳ್ಳಗೆ ಕತ್ತರಿಸಿ, ಬಿಸಿಯನ್ನು ಆರಂಭದಲ್ಲಿ ಕಡಿಮೆ ಇಡಿ. ಮಾವು, ಚಿಕ್ಕುಗಳಿಗೂ ಇದೇ ಮಾತು. ಕಲಬುರಗಿಯ ಕಣ್ಣಿ ಮಾರುಕಟ್ಟೆಯಲ್ಲಿ ಸಂಜೆ ಅಗ್ಗಕ್ಕೆ ಸಿಗುವ ಅತಿಯಾಗಿ ಕಳಿತ ಹಣ್ಣು ಜ್ಯೂಸಿಗೆ ಒಳ್ಳೆಯದು, ಈ ಕೆಲಸಕ್ಕೆ ಅಲ್ಲ. ಜೇನು, ಬೆಲ್ಲದ ಪಾಕ, ಮುರಬ್ಬಗಳನ್ನು ಪ್ರಯತ್ನಿಸುವುದೇ ಬೇಡ.

ಸೀತಾಫಲದ ವಿಷಯ ಬೇರೆ. ಬೀದರ್ ಕಡೆಯ ಗುಡ್ಡಗಳಿಂದ ದಸರಾ ದೀಪಾವಳಿ ಹೊತ್ತಿಗೆ ಬುಟ್ಟಿಗಟ್ಟಲೆ ಬರುವ ಈ ಹಣ್ಣಿನ ತಿರುಳು ಬಿಸಿ ತಾಗಿದರೆ ಕಹಿಯಾಗುತ್ತದೆ, ಬಣ್ಣವೂ ಗುಲಾಬಿಯತ್ತ ತಿರುಗುತ್ತದೆ. ಹಣ್ಣು ಗರಿಗರಿಯಾಗಿ ಬಂದು ಬಾಯಿಗೆ ಕಹಿ ಎನಿಸಿದರೆ ಯಂತ್ರದಲ್ಲಿ ದೋಷವಿಲ್ಲ, ತಟ್ಟೆಯ ಬಿಸಿ ಹೆಚ್ಚಾಗಿದೆ. 40 ಡಿಗ್ರಿ ದಾಟಿಸದೆ ಹೆಚ್ಚು ಹೊತ್ತು ಕೊಡಿ. ಸಿಪ್ಪೆಗೆ ಹತ್ತಿದ ಮರಳುಮರಳಾದ ಪದರವನ್ನು ಕೆರೆದು ಸೇರಿಸಬೇಡಿ. ಬಾಳೆ ಕಂದಾಗುವುದು ಇನ್ನೊಂದು ಸಣ್ಣ ದೂರು: ಕತ್ತರಿಸಿದ ಕೂಡಲೇ ನಿಂಬೆರಸ ಬೆರೆಸಿದ ನೀರಿಗೆ ಅದ್ದಿ ತೆಗೆದರೆ ಸಾಕು.

ಗೋಡೆ ಹಿಡಿಯದಿದ್ದಾಗ

ಸುತ್ತು ಮುಗಿದ ಮೇಲೆ ಕೋಣೆಯ ಗೋಡೆಯ ಮಂಜುಗಡ್ಡೆ ನೋಡಿ. ಸುತ್ತಲೂ ಸಮನಾಗಿ ಬೆಳ್ಳಗೆ ಕಟ್ಟಿದ್ದರೆ ತಣಿಸುವ ಭಾಗ ಸರಿಯಾಗಿದೆ. ಒಂದು ಮೂಲೆಯಲ್ಲಿ ಮಾತ್ರ ದಪ್ಪಗೆ ಕಟ್ಟಿ ಉಳಿದೆಡೆ ಬೋಳಾಗಿದ್ದರೆ ಆಗ ಗ್ಯಾಸ್ ಕಡಿಮೆಯಾಗಿರುವ ಅನುಮಾನ ನ್ಯಾಯವಾದದ್ದು. ಎಲ್ಲೆಡೆ ಕಟ್ಟಿದೆ, ಆದರೆ ಮೆದುವಾಗಿ ನೀರೊಸರುತ್ತಿದೆ ಎಂದರೆ ಯಂತ್ರವಿಟ್ಟ ಜಾಗದ ಬಿಸಿ ಅಥವಾ ಕಂಡೆನ್ಸರ್‌ನ (ಶಾಖ ಹೊರಹಾಕುವ ಹಿಂಬದಿಯ ಜಾಲರಿ) ಧೂಳು ಕಾರಣ. ಹಿಂದಿನ ಜಾಲರಿಗೆ ಟಾರ್ಚ್ ಹಿಡಿಯಿರಿ. ಬೆಳಕು ಆಚೆ ದಾಟದಿದ್ದರೆ ಮೃದುವಾದ ಬ್ರಷ್‌ನಿಂದ ಸ್ವಚ್ಛ ಮಾಡಿ. ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆ ಇದಕ್ಕೆ ಆಗುವುದಿಲ್ಲ. ಶಹಾಬಾದ್ ಕಲ್ಲು ಹಾಸಿದ, ನೆರಳಿರುವ, ಗಾಳಿಯಾಡುವ ಕೆಳಮನೆ ಒಳ್ಳೆಯದು. ಕೂಲರ್ ಹಚ್ಚಿ ಕೋಣೆ ತಂಪು ಮಾಡುವುದಾದರೆ ಅದರ ಹಸಿಗಾಳಿ ಯಂತ್ರದ ವಿದ್ಯುತ್ ಭಾಗಗಳಿಗೆ ನೇರ ಬೀಳದಿರಲಿ.

ಮಂಜುಗಡ್ಡೆಗೆ ಒಂದು ಮಿತಿಯೂ ಇದೆ. ನಾಲ್ಕು ಕಿಲೋ ಕಲ್ಲಂಗಡಿ ಇಟ್ಟರೆ ಗೋಡೆಗೆ ಮೂರೂವರೆ ಕಿಲೋಗೂ ಹೆಚ್ಚು ನೀರು ಬರುತ್ತದೆ. ಪದರ ದಪ್ಪವಾದಂತೆ ಅದೇ ಶಾಖತಡೆಯಾಗಿ, ಮೇಲ್ಮೈ ಬೆಚ್ಚಗಾಗಿ, ಆವಿ ಹಿಡಿಯುವುದನ್ನು ನಿಲ್ಲಿಸುತ್ತದೆ. ನಿಮ್ಮ ಯಂತ್ರದ ಸಾಮರ್ಥ್ಯವನ್ನು ಹಣ್ಣಿನ ತೂಕದಲ್ಲಿ ಲೆಕ್ಕ ಹಾಕಬೇಡಿ, ಹಣ್ಣಿನ ನೀರಿನ ತೂಕದಲ್ಲಿ ಹಾಕಿ.

ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ, ಪಂಪಿನ ಕಡೆಯ ಕವಾಟ ಮುಚ್ಚಿ. ಇಲ್ಲವಾದರೆ ನಿಂತ ಪಂಪಿನಿಂದ ಎಣ್ಣೆ ಕೋಣೆಯತ್ತ ಎಳೆದುಕೊಂಡು ಬರುತ್ತದೆ. ಹಣ್ಣಿಗೆ ಎಣ್ಣೆವಾಸನೆ ಬಂದಿದ್ದರೆ ಕಾರಣ ಬಹುಪಾಲು ಇದೇ, ಅಂಥ ಹಣ್ಣನ್ನು ತಿನ್ನಬೇಡಿ. ಕರೆಂಟ್ ಬಂದಾಗ ಗೋಡೆಯ ಮಂಜುಗಡ್ಡೆ ಗಟ್ಟಿಯಾಗಿದ್ದು ಹಣ್ಣು ಮೆತ್ತಗಾಗದಿದ್ದರೆ ಮುಂದುವರಿಸಿ. ಕರಗಿದ್ದರೆ ಮತ್ತೆ ನಿರ್ವಾತಕ್ಕೆ ಒಡ್ಡಬೇಡಿ. ಇನ್ನೂ ತಣ್ಣಗಿರುವಾಗಲೇ ಕಾಯಿಸಿ ಜಾಮ್ ಮಾಡಿಬಿಡಿ, ಬೆಚ್ಚಗಾಗಿ ಹೊತ್ತು ಕಳೆದಿದ್ದರೆ ಬಿಸಾಡಿ. ಫ್ರೀಜ್ ಡ್ರೈ ಮಾಡುವುದರಿಂದ ರೋಗಾಣುಗಳು ಸಾಯುವುದಿಲ್ಲ, ಮಲಗುತ್ತವೆ ಅಷ್ಟೇ. ಕಂಪ್ರೆಸರ್ ಮತ್ತೆ ಹೊತ್ತಿಕೊಳ್ಳಲು ಮೂರರಿಂದ ಐದು ನಿಮಿಷ ತಡ ಕೊಡುವ ಸ್ಟೆಬಿಲೈಜರ್ ನಮ್ಮ ಕಡೆ ಬೇಕೇ ಬೇಕು.

ಹೊರಬಂದಾಗ ಗರಿಗರಿ, ಸಂಜೆಗೆ ಮೆತ್ತಗೆ

ಇದು ಮಳೆಗಾಲದ ದೂರು. ಏಪ್ರಿಲ್‌ನ ಒಣಗಾಳಿಯಲ್ಲಿ ಕ್ಷಮೆಯಾಗುವ ತಪ್ಪು ಜುಲೈನಿಂದ ಸೆಪ್ಟೆಂಬರ್‌ವರೆಗೆ ಕ್ಷಮೆಯಾಗುವುದಿಲ್ಲ. ರಂಧ್ರ ರಂಧ್ರವಾದ ಒಣಹಣ್ಣು ಗಾಳಿಯ ತೇವವನ್ನು ಕಣ್ಣೆದುರೇ ಹೀರುತ್ತದೆ. ತಟ್ಟೆ ತಣ್ಣಗಿರುವಾಗ ಬಾಗಿಲು ತೆರೆದರೆ ಹಣ್ಣಿನ ಮೇಲೆಯೇ ಇಬ್ಬನಿ ಕೂರುತ್ತದೆ, ಆದ್ದರಿಂದ ನಿರ್ವಾತ ಬಿಡುವ ಮೊದಲು ತಟ್ಟೆಗಳು ಯಂತ್ರದ ಹೊರಗಿನ ಗಾಳಿಗಿಂತ ಸ್ವಲ್ಪ ಬೆಚ್ಚಗಿರಲಿ. ಚೀಲ, ಭರಣಿ, ಸೀಲ್ ಮಾಡುವ ಯಂತ್ರ ಎಲ್ಲವನ್ನೂ ಮೊದಲೇ ಅಣಿಮಾಡಿಕೊಂಡು, ಒಂದೊಂದೇ ತಟ್ಟೆ ಹೊರತೆಗೆದು ತುಂಬಿಸಿ.

ಇದರೊಳಗೆ ಅಡಗಿರುವ ಇನ್ನೊಂದು ದೋಷ ಹಲವರಿಗೆ ಹೊಳೆಯುವುದಿಲ್ಲ. ನಿರ್ವಾತ ಬಿಡಲು ನೀರಿನ ಕವಾಟ ತೆರೆಯುತ್ತಾರೆ. ಅದರ ಕೊಳವೆಯ ತುದಿ ಕೆಳಗಿನ ಬಕೆಟ್‌ನಲ್ಲಿ ಹಿಂದಿನ ಸಲದ ನೀರಿನೊಳಗೆ ಮುಳುಗಿರುತ್ತದೆ. ಕವಾಟ ತಿರುಗಿದ ಕ್ಷಣ ಬಕೆಟ್‌ನ ನೀರು ಸರ್ರನೆ ಮೇಲೇರಿ ಕೋಣೆಯೊಳಗೆ ಚಿಮ್ಮುತ್ತದೆ. ಕೆಳಗಿನ ತಟ್ಟೆಯ ಹಿಂಬದಿ ತುಂಡುಗಳು ಮಾತ್ರ ಒದ್ದೆಯಾಗಿ, ಮೇಲಿನವೆಲ್ಲ ಗರಿಗರಿಯಾಗಿದ್ದರೆ ಬಕೆಟ್ ನೋಡಿ. ಕೊಳವೆಯ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಲಿ, ಕವಾಟವನ್ನು ನಿಧಾನವಾಗಿ ತಿರುಗಿಸಿ.

ಡಬ್ಬಿಯಲ್ಲಿ ವಾರದ ನಂತರ ಮೆತ್ತಗಾದರೆ ಡಬ್ಬಿಯ ಮುಚ್ಚಳ ಅಥವಾ ಚೀಲದ ಸೀಲ್ ಕಾರಣ. ಸಾಮಾನ್ಯ ಪ್ಲಾಸ್ಟಿಕ್ ಚೀಲ ತೇವವನ್ನು ತಡೆಯಲಾರದು; ಅಲ್ಯುಮಿನಿಯಂ ಪದರದ ಚೀಲ ಅಥವಾ ಬಿಗಿ ಮುಚ್ಚಳದ ಗಾಜಿನ ಭರಣಿ ಬೇಕು.

ಮೆಕ್ಯಾನಿಕ್ ಕರೆಯುವುದಾದರೆ

ಇಷ್ಟು ನೋಡಿದ ಮೇಲೂ ಉತ್ತರ ಸಿಗದಿದ್ದರೆ ಕರೆಯಿರಿ, ಆದರೆ ಕೈಯಲ್ಲಿ ಒಂದು ಚೀಟಿ ಇರಲಿ. ಖಾಲಿ ಕೋಣೆ ಒಂದು ಗಂಟೆಯಲ್ಲಿ ಎಷ್ಟು ಡಿಗ್ರಿಗೆ ಇಳಿಯಿತು, ಆಗ ವೋಲ್ಟೇಜ್ ಎಷ್ಟಿತ್ತು, ಕೋಣೆಯ ಹೊರಗಿನ ತಾಪಮಾನ ಎಷ್ಟು, ಮಂಜುಗಡ್ಡೆ ಎಲ್ಲಿ ಕಟ್ಟಿತು, ಏರಿಕೆಯ ಪರೀಕ್ಷೆಯಲ್ಲಿ ನಿಮಿಷ ನಿಮಿಷದ ಅಂಕಿಗಳೇನು. ಯಂತ್ರದ ಹಿಂಬದಿಯ ಫಲಕದಲ್ಲಿ ಬರೆದಿರುವ ಗ್ಯಾಸಿನ ಹೆಸರನ್ನೂ ಬರೆದುಕೊಳ್ಳಿ. ಅದು ಆರ್-290 ಆಗಿದ್ದರೆ ಪ್ರೊಪೇನ್, ಬೆಂಕಿ ಹಿಡಿಯುವಂಥದ್ದು. ಅದನ್ನು ನಿಭಾಯಿಸಿ ಗೊತ್ತಿರುವವರೇ ಬರಬೇಕು ಎಂದು ಫೋನಿನಲ್ಲೇ ಹೇಳಿ. ಗ್ಯಾಸ್ ತುಂಬಬೇಕು ಎಂದು ಅವರು ಹೇಳಿದರೆ ಸೋರಿಕೆ ಎಲ್ಲಿದೆ ಎಂದು ಮೊದಲು ತೋರಿಸಲು ಕೇಳಿ. ಮುಚ್ಚಿದ ಕೊಳವೆಯೊಳಗಿನ ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ. ತೂತು ಮುಚ್ಚದೆ ತುಂಬಿದ್ದು ಮುಂದಿನ ಹಂಗಾಮಿನ ಪೇರಲ ಬರುವ ಹೊತ್ತಿಗೆ ಮತ್ತೆ ಹೋಗಿರುತ್ತದೆ.